ಪೋಲೆಂಡು ತನ್ನ ನಟರನ್ನು ನೆನೆಯುವ ಬಗೆ

ನಟನ ಕೀರ್ತಿ ನೀರ ಮೇಲಣ ಬರಹ ಎಂಬುದು ರಂಗಭೂಮಿಯ ಕಾಲದ ಮಾತು. ಪರದೆ ಬಿದ್ದರೆ ಎಲ್ಲವೂ ಮುಗಿಯಿತು. ಹಾಡಿದ ಕಂಠ, ಇಟ್ಟ ಹೆಜ್ಜೆ, ಬೀರಿದ ನೋಟ ಕಂಡವರ ನೆನಪಿನಲ್ಲಿ ಕೆಲಕಾಲ ಉಳಿದು ಅವರೊಂದಿಗೇ ಅಳಿದುಹೋಗುತ್ತಿದ್ದವು. ಚಲಚ್ಚಿತ್ರ ಬಂದ ಮೇಲೆ ಈ ಮಾತನ್ನು ತಿದ್ದಬೇಕಾಯಿತು. ಸತ್ತು 80 ವರ್ಷ ದಾಟಿದವನು ಇಂದೂ ತೆರೆಯ ಮೇಲೆ ಟೋಪಿ ಎತ್ತಿ ನಗುತ್ತಾನೆ, ನಾವೂ ನಗುತ್ತೇವೆ. ಆದರೆ ಚಿತ್ರದ ಸುರುಳಿ ನಮಗೆ ಉಳಿಸಿಕೊಡುವುದು ಮುಖವನ್ನು ಮಾತ್ರ. ಆ ಮುಖದ ಮನುಷ್ಯ ಎಲ್ಲಿ ಸತ್ತ, ಹೇಗೆ ಸತ್ತ, ಯಾರ ಕೈಯಲ್ಲಿ ಸತ್ತ ಎಂಬುದನ್ನು ಅದು ಹೇಳದು. ಹೇಳಬೇಕಾದವರು ಉಳಿದವರು. ಉಳಿದವರು ಸುಳ್ಳು ಹೇಳಿದರೆ ಗತಿಯೇನು? ನಿಜವನ್ನು ಹೇಳಲು ಅವರಿಗೆ ಬಾಯಿಯೇ ಇಲ್ಲದಂತಾದರೆ?

ಈ ಪ್ರಶ್ನೆ ಪೋಲೆಂಡಿನಲ್ಲಿ ಎದ್ದಷ್ಟು ತೀವ್ರವಾಗಿ ಬೇರೆಡೆ ಎದ್ದದ್ದು ವಿರಳವೆಂದು ನನಗೆ ತೋರುತ್ತದೆ. ನಾನು ಕನ್ನಡ ಪಾಠ ಹೇಳುವವನು. ಪೋಲಿಷ್ ಭಾಷೆಯ ಪರಿಚಯ ನನಗಿಲ್ಲ. ಆ ದೇಶದ ಚಿತ್ರಗಳನ್ನು ಇಂಗ್ಲಿಷ್ ಅಡಿಬರಹಗಳ ಆಸರೆಯಿಂದ ನೋಡಿದವನು. ಮೊದಮೊದಲು ಚಿತ್ರದ ಚೆಲುವಿಗೆ ಮಾರುಹೋಗಿ ನೋಡಿದೆ. ಅನಂತರ ಈ ನಟನ ಮುಂದಿನ ಕಥೆಯೇನು, ಆ ನಟಿ ಏನಾದಳು ಎಂದು ಒಬ್ಬೊಬ್ಬರ ಜೀವನವನ್ನೇ ಅರಸತೊಡಗಿದೆ. ಆಗ ನನ್ನ ಕಣ್ಣ ಮುಂದೆ ನಿಂತದ್ದು ಒಂದು ದೇಶದ ಇತಿಹಾಸ.

ಇದಕ್ಕೆ ಒಂದೇ ಒಂದು ಚಿತ್ರವನ್ನು ಉದಾಹರಣೆಯಾಗಿ ಎತ್ತಿಕೊಳ್ಳೋಣ. 1937ರಲ್ಲಿ ತೆರೆಕಂಡ ‘ಒಂದು ಮಹಡಿ ಮೇಲೆ’ ಒಂದು ಹಗುರವಾದ ವಿನೋದಚಿತ್ರ. ಒಂದೇ ಕಟ್ಟಡದಲ್ಲಿ ಒಂದೇ ಮನೆತನದ ಹೆಸರಿನ ಇಬ್ಬರು. ಕೆಳಗಿನ ಅಂತಸ್ತಿನಲ್ಲಿ ಸಿಡುಕಿನ ಮನೆಯ ಮಾಲೀಕ, ಮೇಲಿನ ಅಂತಸ್ತಿನಲ್ಲಿ ರೇಡಿಯೋ ಕೇಂದ್ರದಲ್ಲಿ ಕೆಲಸ ಮಾಡುವ ತರುಣ ಬಾಡಿಗೆದಾರ. ಒಬ್ಬನಿಗೆ ಬರಬೇಕಾದ ಅತಿಥಿ ಇನ್ನೊಬ್ಬನ ಮನೆಗೆ ಬಂದು ಗೊಂದಲವಾಗುತ್ತದೆ. ಹಾಡು, ಕುಣಿತ, ಪ್ರಣಯ, ಕೊನೆಗೆ ಮಂಗಳ. ಎರಡೇ ವರ್ಷದಲ್ಲಿ ದೇಶದ ಮೇಲೆ ಎರಗಲಿದ್ದ ಸಿಡಿಲಿನ ಸುಳಿವು ಅದರಲ್ಲಿ ಎಳ್ಳಷ್ಟೂ ಇಲ್ಲ.

1939ರ ಸೆಪ್ಟೆಂಬರ್ 1ರಂದು ಪಶ್ಚಿಮದಿಂದ ಜರ್ಮನರೂ 17ರಂದು ಪೂರ್ವದಿಂದ ಸೋವಿಯತ್ ಸೇನೆಯೂ ಪೋಲೆಂಡಿನೊಳಕ್ಕೆ ನುಗ್ಗಿದವು. ಆ ಚಿತ್ರದಲ್ಲಿ ನಕ್ಕು ನಗಿಸಿದವರ ಗತಿ ಏನಾಯಿತು? ಮನೆಯ ಮಾಲೀಕನಾಗಿ ನಟಿಸಿದ ಯೂಸೆಫ್ ಓರ್ವಿದ್ 1944ರ ಆಗಸ್ಟಿನಲ್ಲಿ ವಾರ್ಸಾ ದಂಗೆಯ ನಡುವೆ ಸತ್ತ. ಇಂದಿಗೂ ಪೋಲರ ನಾಲಗೆಯ ಮೇಲಿರುವ ಅದರ ಹಾಡನ್ನು ಬರೆದ ಎಮಾನುಎಲ್ ಶ್ಲೆಖ್ತೆರ್ ಯಹೂದಿ. ಲ್ವೂಫ್ ನಗರದಲ್ಲಿ ಜರ್ಮನರಿಗೆ ಬಲಿಯಾದ. ರಾಗ ಹಾಕಿದ ಹೆನ್ರಿಕ್ ವಾರ್ಸ್ ಸೈನ್ಯ ಸೇರಿ ಬದುಕುಳಿದು ಅಮೆರಿಕ ಸೇರಿಕೊಂಡ. ನಾಯಕಿ ಹೆಲೆನಾ ಗ್ರೊಸ್ಸೂವ್ನಾ ವಾರ್ಸಾ ದಂಗೆಯಲ್ಲಿ ಹೆಂಗಸರ ಒಂದು ತುಕಡಿಯ ನಾಯಕಿಯಾಗಿ ನಿಂತು, ಸೆರೆಯಾಳಾಗಿ, ಮರಳಿ ಬಂದು 1994ರವರೆಗೆ ಬಾಳಿದಳು. ಇನ್ನು ಮೇಲಂತಸ್ತಿನ ತರುಣ, ಎವ್ಗೆನ್ಯುಷ್ ಬೊದೊ. ಅವನ ಕಥೆಯನ್ನು ತುಸು ವಿಸ್ತಾರವಾಗಿಯೇ ಹೇಳಬೇಕು.

ಬೊದೊ 1899ರಲ್ಲಿ ಹುಟ್ಟಿದವನು. ತಂದೆ ಸ್ವಿಟ್ಜರ್ಲೆಂಡಿನವನು, ತಾಯಿ ಪೋಲಿಷ್ ಹೆಂಗಸು. ತಂದೆ ಊರೂರಿಗೆ ಚಲಚ್ಚಿತ್ರ ಒಯ್ದು ತೋರಿಸಿ, ಕೊನೆಗೆ ವೂಜ್ ಎಂಬ ಗಿರಣಿಗಳ ಪಟ್ಟಣದಲ್ಲಿ ‘ಉರಾನಿಯಾ’ ಎಂಬ ಪ್ರದರ್ಶನಶಾಲೆ ನಡೆಸಿದವನು. ಮಗನ ನಿಜನಾಮ ಬೊಹ್ದಾನ್ ಎವ್ಗೆನ್ ಜುನೊ. ತನ್ನ ಹೆಸರಾದ ಬೊಹ್ದಾನ್‌ನ ಮೊದಲಕ್ಷರಕ್ಕೆ ತಾಯಿಯ ಹೆಸರುಗಳಲ್ಲೊಂದಾದ ದೊರೋತಾದ ಮೊದಲಕ್ಷರ ಸೇರಿಸಿ ‘ಬೊದೊ’ ಎಂದು ಕರೆದುಕೊಂಡ. ಹಾಡುಗಾರ, ನರ್ತಕ, ಹಾಸ್ಯನಟ, ನಿರ್ಮಾಪಕ; 1930ರ ದಶಕದಲ್ಲಿ ಆತನ ಪೋಷಾಕನ್ನು ನೋಡಿ ವಾರ್ಸಾದ ಯುವಕರು ತಮ್ಮ ಪೋಷಾಕು ಹೊಲಿಸುತ್ತಿದ್ದರು. ಇಷ್ಟಾದರೂ ಕೈಯಲ್ಲಿದ್ದದ್ದು ತಂದೆಯಿಂದ ಬಂದ ಸ್ವಿಸ್ ಪೌರತ್ವ.

ಯುದ್ಧ ಬಂದಾಗ ಬೊದೊ ಪೂರ್ವಕ್ಕೆ, ಸೋವಿಯತ್ ವಶವಾಗಿದ್ದ ಲ್ವೂಫ್‌ಗೆ ಓಡಿಹೋದ. (ಆ ನಗರ ಈಗ ಯುಕ್ರೇನಿನಲ್ಲಿದೆ.) ಅಲ್ಲಿ ವಾರ್ಸ್‌ನ ಸಂಗೀತ ಮೇಳ ಸೇರಿ ರಷ್ಯದ ನಗರಗಳಲ್ಲಿ ಹಾಡಿದ. ಬಳಿಕ ಸ್ವಿಸ್ ಪ್ರಜೆಯೆಂಬ ಆಧಾರದ ಮೇಲೆ ದೇಶ ಬಿಡಲು ಅನುಮತಿ ಕೇಳಿದ. ಅದೇ ಮುಳುವಾಯಿತು. 1941ರ ಜೂನ್ ತಿಂಗಳ ಕೊನೆಯಲ್ಲಿ ಸೋವಿಯತ್ ಗುಪ್ತ ಪೊಲೀಸರು ಆತನನ್ನು ಹಿಡಿದು ಮಾಸ್ಕೋದ ಸೆರೆಮನೆಗೆ ಒಯ್ದರು. ‘ಸಮಾಜಕ್ಕೆ ಅಪಾಯಕಾರಿ ವ್ಯಕ್ತಿ’ ಎಂಬ ಹಣೆಪಟ್ಟಿ ಹಚ್ಚಿ 5 ವರ್ಷಗಳ ಶ್ರಮಶಿಬಿರದ ಶಿಕ್ಷೆ ವಿಧಿಸಲಾಯಿತು. ಇಲ್ಲೊಂದು ಕ್ರೂರ ವ್ಯಂಗ್ಯವಿದೆ. 1941ರ ಜುಲೈ 30ರ ಒಪ್ಪಂದದಂತೆ ಸೋವಿಯತ್ ಸೆರೆಯಲ್ಲಿದ್ದ ಪೋಲಿಷ್ ಪ್ರಜೆಗಳಿಗೆ ಬಿಡುಗಡೆಯಾಯಿತು. ಬೊದೊನ ಕಾಗದಪತ್ರಗಳ ಪ್ರಕಾರ ಆತ ಪೋಲಿಷ್ ಪ್ರಜೆಯಾಗಿರಲಿಲ್ಲ! ಪಾರುಮಾಡಲೆಂದು ನೆಚ್ಚಿದ ಪೌರತ್ವವೇ ಅವನನ್ನು ಕಟ್ಟಿಹಾಕಿತು. 1943ರ ಅಕ್ಟೋಬರ್ 7ರಂದು ಉತ್ತರ ರಷ್ಯದ ಕೋತ್ಲಾಸ್ ಶಿಬಿರದಲ್ಲಿ ಹಸಿವಿನಿಂದ ಸೊರಗಿ ಸತ್ತ.

ಆದರೆ ಪೋಲೆಂಡಿನ ಜನಕ್ಕೆ ಹೇಳಿದ್ದೇನು? ಬೊದೊನನ್ನು 1941ರಲ್ಲಿ ಲ್ವೂಫ್‌ನಲ್ಲಿ ಜರ್ಮನರು ಗುಂಡಿಟ್ಟು ಕೊಂದರು ಎಂದು. ಯುದ್ಧಾನಂತರ ಪೋಲೆಂಡನ್ನು ಆಳಿದವರು ಸೋವಿಯತ್ ಮಿತ್ರರು. ಮಿತ್ರರ ಶಿಬಿರದಲ್ಲಿ ಜನಪ್ರಿಯ ನಟನೊಬ್ಬ ಹಸಿದು ಸತ್ತನೆಂದು ಅವರು ಹೇಳುವುದೆಂತು? ಅರ್ಧ ಶತಮಾನ ಈ ಸುಳ್ಳು ಸಲೀಸಾಗಿ ನಡೆಯಿತು. ಸೋವಿಯತ್ ಒಕ್ಕೂಟ ಕುಸಿದು ಕಡತಗಳು ತೆರೆದ ಮೇಲೆ, 1990ರ ದಶಕದಲ್ಲಿ, ನಿಜ ಹೊರಬಿತ್ತು. 2011ರಲ್ಲಿ ಕೋತ್ಲಾಸ್‌ನಲ್ಲಿ ಆತನ ಹೆಸರಿನ ಸ್ಮಾರಕವೊಂದು ನಿಂತಿತು. ಸತ್ತವನು ಯಾವ ಕಾಳಗದಲ್ಲಿ, ಯಾರೊಡನೆ ಕಾದಿ ಮಡಿದನೆಂದು ಕಲ್ಲಿನ ಮೇಲೆ ಬರೆಸುವ ವೀರಗಲ್ಲಿನ ಸಂಪ್ರದಾಯ ಬಲ್ಲ ನಮಗೆ ಇದರ ಬೆಲೆ ತಿಳಿಯದೆ ಇರದು. ಕೊಂದವನ ಹೆಸರು ಬದಲಾಯಿಸಿದರೆ ಸತ್ತವನನ್ನು ಇನ್ನೊಮ್ಮೆ ಕೊಂದಂತೆ.

ಅದೇ ಕಾಲದ ಇನ್ನೊಬ್ಬ ಕಲಾವಿದೆಯ ಕಥೆ ನಮ್ಮ ಸಮುದ್ರತೀರದವರೆಗೂ ಬಂದಿದೆ. ಹಾಂಕಾ ಓರ್ದೊನೂವ್ನಾ 1902ರಲ್ಲಿ ವಾರ್ಸಾದಲ್ಲಿ ಹುಟ್ಟಿದವಳು. ಹಾಡುಗಾರ್ತಿಯಾಗಿ ಹೆಸರುಗಳಿಸಿ ತೆರೆಗೂ ಬಂದಳು. 1933ರ ‘ಮುಸುಕಿನ ಗೂಢಚಾರ’ ಎಂಬ ಚಿತ್ರದಲ್ಲಿ ಆಕೆ ಹಾಡಿದ ಪ್ರೇಮಗೀತೆಗೆ ರಾಗ ಹಾಕಿದವನು ಅದೇ ವಾರ್ಸ್. ಬರೆದವನು ಕವಿ ಯೂಲ್ಯಾನ್ ತುವಿಮ್. ಆ ಹಾಡನ್ನು ಪೋಲೆಂಡು ಇಂದಿಗೂ ಮರೆತಿಲ್ಲ. ಯುದ್ಧದ ಆರಂಭದಲ್ಲಿ ಜರ್ಮನರು ಆಕೆಯನ್ನು ವಾರ್ಸಾದ ಪಾವ್ಯಾಕ್ ಸೆರೆಮನೆಗೆ ತಳ್ಳಿದರು. ಬಿಡುಗಡೆಯಾಗಿ ವಿಲ್ನ್ಯುಸ್‌ಗೆ ಹೋದರೆ ಅಲ್ಲಿ ಸೋವಿಯತ್ ಪೊಲೀಸರು ಹಿಡಿದರು. ಮೊದಲೇ ಕ್ಷಯದಿಂದ ಬಳಲುತ್ತಿದ್ದ ದೇಹ ಮಧ್ಯ ಏಷ್ಯದ ಬಿಸಿಲಿನಲ್ಲಿ ದುಡಿದು ಇನ್ನಷ್ಟು ಜರ್ಜರಿತವಾಯಿತು. ಬೊದೊಗೆ ದೊರೆಯದ 1941ರ ಬಿಡುಗಡೆ ಆಕೆಗೆ ದೊರೆಯಿತು. ಹಾಗೆ ದೊರೆತ ಸ್ವಾತಂತ್ರ್ಯವನ್ನು ಆಕೆ ತನಗಾಗಿ ಬಳಸಿಕೊಳ್ಳಲಿಲ್ಲ. ಗಡೀಪಾರಾದ ಪೋಲಿಷ್ ಕುಟುಂಬಗಳ ಅನಾಥ ಮಕ್ಕಳು ಆ ಪ್ರಾಂತದಲ್ಲೆಲ್ಲ ಚಿಂದಿಯುಟ್ಟು ಅಲೆಯುತ್ತಿದ್ದರು. ಅವರನ್ನು ಒಟ್ಟುಗೂಡಿಸುವ ಕೆಲಸಕ್ಕೆ ನಿಂತಳು. 1942ರಲ್ಲಿ ಮಕ್ಕಳ ತಂಡ ಲಾರಿಗಳಲ್ಲಿ ಪರ್ಷಿಯ ದಾಟಿ ಮುಂಬಯಿ ಸೇರಿತು. ಅದರೊಂದಿಗೆ ಆಕೆಯೂ ಬಂದಳು.

ಆ ಮಕ್ಕಳಿಗೆ ನೆಲೆ ಕೊಟ್ಟವರು ನವಾನಗರದ ಜಾಮಸಾಹೇಬ ದಿಗ್ವಿಜಯಸಿಂಹರು. ಜಾಮನಗರದ ಬಳಿಯ ಬಾಲಾಚಡಿಯಲ್ಲಿ 1942ರಿಂದ 1946ರವರೆಗೆ ನೂರಾರು ಪೋಲಿಷ್ ಮಕ್ಕಳು ಬೆಳೆದರು. ಮರುವರ್ಷ ಕೊಲ್ಲಾಪುರದ ಹೊರವಲಯದ ವಳಿವಡೆಯಲ್ಲಿ ಇನ್ನೂ ದೊಡ್ಡ ಶಿಬಿರ ತೆರೆಯಿತು. ಸುಮಾರು 5,000 ಮಂದಿ ಪೋಲರು 1948ರವರೆಗೆ ಅಲ್ಲಿದ್ದರು. ನಮ್ಮ ಬೆಳಗಾವಿಯಿಂದ ಅರ್ಧ ದಿನದ ಪ್ರಯಾಣದೊಳಗೆ ಒಂದು ಪುಟ್ಟ ಪೋಲೆಂಡು ಇದ್ದಿತೆಂಬುದು ಎಷ್ಟು ಜನಕ್ಕೆ ಗೊತ್ತು? ವಾರ್ಸಾದಲ್ಲಿ ಇಂದು ‘ಒಳ್ಳೆಯ ಮಹಾರಾಜ’ನ ಹೆಸರಿನ ಚೌಕವೊಂದಿದೆ. ಓರ್ದೊನೂವ್ನಾ ಮಾತ್ರ ತಾಯ್ನಾಡನ್ನು ಮತ್ತೆ ಕಾಣಲಿಲ್ಲ. ಇಲ್ಲಿಂದ ಬೈರೂತಿಗೆ ಹೋದಳು; ಆ ಅಲೆಮಾರಿ ಮಕ್ಕಳ ಕಥೆಯನ್ನು ಬೇರೊಂದು ಹೆಸರಿನಲ್ಲಿ ಬರೆದು 1948ರಲ್ಲಿ ಅಚ್ಚು ಹಾಕಿಸಿದಳು; 1950ರ ಸೆಪ್ಟೆಂಬರ್ 8ರಂದು ಅಲ್ಲಿಯೇ ಕಣ್ಣುಮುಚ್ಚಿದಳು. ದೇಹದ ಅವಶೇಷ ವಾರ್ಸಾಕ್ಕೆ ಬಂದುದು 40 ವರ್ಷಗಳ ಮೇಲೆ, 1990ರಲ್ಲಿ. ಪೋಲೆಂಡಿನ ಆಳ್ವಿಕೆ ಬದಲಾದ ಮರುವರ್ಷ ಅದು ಎಂಬುದನ್ನು ಓದುಗರು ಗಮನಿಸಬೇಕು.

ಇಲ್ಲಿಯವರೆಗೆ ಹೇಳಿದ್ದು ನಿರಪರಾಧಿಗಳ ಕಥೆ. ನೆನೆಯುವುದು ಕಷ್ಟವಾದರೂ ಗೌರವಿಸುವುದು ಸುಲಭ. ಆದರೆ ಇತಿಹಾಸ ಇಷ್ಟು ಸರಳವಲ್ಲ. ಜರ್ಮನರ ಆಳ್ವಿಕೆಯಲ್ಲಿ ವಾರ್ಸಾದ ನಟರ ಮುಂದೆ ಒಂದು ಧರ್ಮಸಂಕಟ ಬಂದು ನಿಂತಿತು. ಅಧಿಕಾರಿಗಳ ಪರವಾನಗಿ ಪಡೆದ ರಂಗಮಂದಿರಗಳಲ್ಲಿ ಕೀಳು ಅಭಿರುಚಿಯ ಆಟಗಳನ್ನು ಆಡಲು ಅಪ್ಪಣೆಯಿತ್ತು. ಗುಪ್ತವಾಗಿ ಕೆಲಸ ನಡೆಸುತ್ತಿದ್ದ ನಟರ ಸಂಘ ‘ಅಲ್ಲಿ ಯಾರೂ ಆಡಕೂಡದು’ ಎಂದು ಕಟ್ಟಪ್ಪಣೆ ಮಾಡಿತು. ಆಡದಿದ್ದರೆ ಹೊಟ್ಟೆಗೇನು? ಹೆಸರಾಂತ ನಟಿಯರು ‘ನಟಿಯರ ಮನೆ’ ಎಂಬ ಅರ್ಥದ ಹೆಸರಿನ ಕಾಫಿ ಅಂಗಡಿಯಲ್ಲಿ ತಟ್ಟೆ ಬಟ್ಟಲು ಹೊತ್ತು ಬಡಿಸಿದರು. ಹಿಂದಿನ ದಿನಗಳಲ್ಲಿ ತೆರೆಯ ಮೇಲೆ ಶ್ರೀಮಂತ ಮನೆತನದ ಯಜಮಾನಿಯಾಗಿ ಮೆರೆದ ಮ್ಯೆಚಿಸ್ವಾವಾ ಚ್ವಿಕ್ಲಿನ್‌ಸ್ಕಾ, 60 ದಾಟಿದ ವಯಸ್ಸಿನಲ್ಲಿ, ಗಿರಾಕಿಗಳಿಗೆ ಕಾಫಿ ತಂದುಕೊಟ್ಟಳು. ನೆಪಮಾತ್ರದ ಸಾಹಸವಲ್ಲ ಇದು. ಆರು ವರ್ಷ ಕಲೆಯನ್ನು ಬಿಟ್ಟಿರುವುದು ಕಲಾವಿದನಿಗೆ ಉಪವಾಸವೇ ಸರಿ. ಯುದ್ಧದ ತರುವಾಯ ಆಕೆ ರಂಗಕ್ಕೆ ಮರಳಿ 90 ದಾಟುವವರೆಗೂ ಆಡಿ 1972ರಲ್ಲಿ ತೀರಿಕೊಂಡಳು.

ಇದಕ್ಕೆ ನೇರ ವಿರುದ್ಧ ದಿಕ್ಕಿನಲ್ಲಿ ಹೋದವನು ಈಗೊ ಸಿಮ್. ಮೂಕಚಿತ್ರಗಳ ಕಾಲದ ಚೆಲುವ; ವಿಯೆನ್ನಾದಲ್ಲಿ ಮರ್ಲೀನ್ ಡೀಟ್ರಿಕ್‌ಳೊಡನೆ ನಟಿಸಿದವನು. ಗರಗಸವನ್ನು ಕಮಾನಿನಿಂದ ನುಡಿಸುವ ವಿಚಿತ್ರ ವಿದ್ಯೆಯನ್ನು ಆಕೆಗೆ ಕಲಿಸಿದವನೂ ಅವನೇ. ಯುದ್ಧ ಬಂದೊಡನೆ ಸಿಮ್ ಜರ್ಮನರ ಪಕ್ಷ ಸೇರಿದ. ಅವರು ವಾರ್ಸಾದಲ್ಲಿ ತೆರೆದ ರಂಗಮಂದಿರದ ನಿರ್ದೇಶಕನಾದ. ಪೋಲರನ್ನು ರಾಕ್ಷಸರಂತೆ ತೋರಿಸುವ ಜರ್ಮನ್ ಪ್ರಚಾರಚಿತ್ರವೊಂದಕ್ಕೆ ಪೋಲಿಷ್ ನಟರನ್ನೇ ಒದಗಿಸಲು ಹೊರಟ. ಪೋಲಿಷ್ ಗುಪ್ತಸೇನೆ ಅವನಿಗೆ ಮರಣದಂಡನೆ ವಿಧಿಸಿತು. 1941ರ ಮಾರ್ಚ್ 7ರ ಬೆಳಗ್ಗೆ ಅವನ ಮನೆಯ ಬಾಗಿಲಲ್ಲೇ ಗುಂಡು ಹಾರಿತು.

ಆ ಗುಂಡಿನ ಬೆಲೆ ತೆತ್ತವರು ಬೇರೆಯವರು. ನಾಲ್ಕು ದಿನಗಳ ಮೇಲೆ ಜರ್ಮನರು ಪಾಲ್ಮೀರಿ ಕಾಡಿನಲ್ಲಿ 21 ಮಂದಿ ಒತ್ತೆಯಾಳುಗಳನ್ನು ಕೊಂದರು. ಅವರಲ್ಲಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೂ ಇದ್ದರು. ನಟರನ್ನು ಹಿಡಿದು ಆಶ್ವಿಟ್ಸ್‌ಗೆ ಅಟ್ಟಿದರು. ಅವರಲ್ಲೊಬ್ಬ ಸ್ತೆಫಾನ್ ಯಾರಾಚ್. ರಂಗಭೂಮಿ ಚಲಚ್ಚಿತ್ರ ಎರಡರಲ್ಲೂ ಆ ತಲೆಮಾರಿನ ಅಗ್ರಗಣ್ಯನೆನಿಸಿದವನು. ದಿಕ್ಕಿಲ್ಲದ ಬಡವನ ಪಾತ್ರಕ್ಕೆ ಅವನನ್ನು ಬಿಟ್ಟರಿಲ್ಲ ಎನ್ನುತ್ತಿದ್ದರು. ಕೆಲವು ವಾರಗಳ ಮೇಲೆ ಬಿಡುಗಡೆಯಾಯಿತಾದರೂ ಆರೋಗ್ಯ ಮರಳಿ ಬರಲಿಲ್ಲ. ದೇಶ ಸ್ವತಂತ್ರವಾದುದನ್ನು ಕಂಡು, ಮತ್ತೆ ರಂಗವೇರುವ ಶಕ್ತಿಯಿಲ್ಲದೆ, 1945ರ ಆಗಸ್ಟ್ 11ರಂದು ಸತ್ತ. ವಾರ್ಸಾದಲ್ಲಿ ಆತ ನಡೆಸಿದ ‘ಆತೆನೇಉಮ್’ ರಂಗಮಂದಿರ ಇಂದು ಅವನ ಹೆಸರನ್ನು ಹೊತ್ತಿದೆ.

ಇವೆರಡು ಕೊನೆಗಳ ನಡುವೆ ಅನೇಕರು ನಿಂತಿದ್ದರು. ಹಾಸ್ಯನಟ ಆದೋಲ್ಫ್ ದಿಮ್ಷಾ ಸಂಘದ ಅಪ್ಪಣೆ ಮೀರಿ ಪರವಾನಗಿಯ ರಂಗದಲ್ಲಿ ಆಡಿದ. ಅದಕ್ಕಾಗಿ ಯುದ್ಧಾನಂತರ ಕೆಲವು ವರ್ಷ ವಾರ್ಸಾದ ರಂಗ ಅವನಿಗೆ ಮುಚ್ಚಿತ್ತು. ಜನ ಮಾತ್ರ ಅವನನ್ನು ಕೈಬಿಡಲಿಲ್ಲ. ದಿಮ್ಷಾನನ್ನು ಸಿಮ್‌ನ ಪಕ್ಕದಲ್ಲಿ ಕೂರಿಸುವುದು ಅನ್ಯಾಯ. ಕಾಫಿ ಬಡಿಸಿದವಳ ಪಕ್ಕದಲ್ಲಿ ಕೂರಿಸುವುದೂ ಅನ್ಯಾಯವೇ. ಒಬ್ಬೊಬ್ಬರಿಗೂ ಅವರವರ ತೂಕ ಕಟ್ಟಿಕೊಡುವುದು ನೆನಪಿನ ಕೆಲಸ. ತೀರಿಕೊಂಡವರನ್ನು ಕುರಿತು ಒಳ್ಳೆಯದನ್ನೇ ಆಡಬೇಕೆಂಬುದು ಸೌಜನ್ಯದ ಮಾತಾಯಿತು. ಇತಿಹಾಸಕ್ಕೆ ಅಷ್ಟು ಸಾಲದು.

ಸುಳ್ಳು ಯಾವಾಗಲೂ ಸರಕಾರದಿಂದಲೇ ಬರಬೇಕೆಂದಿಲ್ಲ, ಕರುಣೆಯಿಂದಲೂ ಬರುತ್ತದೆ. ಈನಾ ಬೆನೀತಾ 1930ರ ದಶಕದ ಚೆಲುವೆಯರಲ್ಲೊಬ್ಬಳು. ‘ವಿಸ್ತುಲಾ ನದಿಯ ಜನ’ ಎಂಬ 1938ರ ಚಿತ್ರದಲ್ಲಿ ದೋಣಿಗಾರರ ನಡುವಿನ ಹುಡುಗಿಯಾಗಿ ಮನಗೆದ್ದವಳು. ಯುದ್ಧಕಾಲದಲ್ಲಿ ಪರವಾನಗಿಯ ರಂಗದಲ್ಲಿ ಆಡಿದಳು. ಜರ್ಮನ್ ಅಧಿಕಾರಿಯೊಬ್ಬನನ್ನು ಪ್ರೀತಿಸಿದ್ದಕ್ಕೆ ಜರ್ಮನರೇ ಆಕೆಯನ್ನು ಪಾವ್ಯಾಕ್‌ನಲ್ಲಿ ಬಂಧಿಸಿದರು. 1944ರ ವಸಂತದಲ್ಲಿ ಸೆರೆಮನೆಯಲ್ಲೇ ಗಂಡುಮಗುವನ್ನು ಹೆತ್ತಳು. ದಂಗೆ ಆರಂಭವಾಗುವ ಹೊತ್ತಿಗೆ ಬಿಡುಗಡೆಯಾದವಳು ಆಗಸ್ಟಿನಲ್ಲಿ ಕೂಸನ್ನೆತ್ತಿಕೊಂಡು ಚರಂಡಿಯ ಸುರಂಗಕ್ಕೆ ಇಳಿದುದನ್ನು ಕಂಡವರಿದ್ದರಂತೆ. ಮತ್ತೆ ಕಾಣಲಿಲ್ಲ. ತಾಯಿಮಗು ಆ ಕತ್ತಲಲ್ಲಿ ಸತ್ತರೆಂದು ಪುಸ್ತಕಗಳೆಲ್ಲ ಬರೆದವು. ಪಾಪಪ್ರಾಯಶ್ಚಿತ್ತಗಳೆರಡೂ ಕೂಡಿಬಂದ ದುರಂತನಾಟಕದಂತಿದ್ದ ಈ ಕೊನೆಯನ್ನು ಯಾರೂ ಅನುಮಾನಿಸಲಿಲ್ಲ. 2018ರ ಸುಮಾರಿಗೆ, 70 ವರ್ಷಗಳು ಕಳೆದ ಬಳಿಕ, ಸಂಶೋಧಕರು ಕಾಗದಪತ್ರಗಳನ್ನು ಬೆನ್ನಟ್ಟಿ ಬೇರೆಯದೇ ಕಥೆ ತಂದರು. ತಾಯಿ ಮಗ ಇಬ್ಬರೂ ಬದುಕುಳಿದಿದ್ದರು. ಆಕೆ ದೇಶ ಬಿಟ್ಟು ಕೊನೆಗೆ ಅಮೆರಿಕ ಸೇರಿ, ತಾನು ಯಾರೆಂಬ ಗದ್ದಲವಿಲ್ಲದೆ ಬಾಳಿ, 1984ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಸತ್ತಿದ್ದಳು! ದಂತಕಥೆಗಿಂತ ಈ ನಿಜ ಸಪ್ಪೆ ಎಂದು ಕೆಲವರಿಗೆ ಅನ್ನಿಸಬಹುದು. ನನಗೇನೋ 40 ವರ್ಷಗಳ ಆ ಸಾಮಾನ್ಯ ಬದುಕು, ಸುರಂಗದ ದುರಂತಕ್ಕಿಂತ ದೊಡ್ಡದೆಂದೇ ತೋರುತ್ತದೆ.

ಯುದ್ಧಾನಂತರದ ತಲೆಮಾರಿಗೆ ಬಂದರೆ ಒಂದೇ ಹೆಸರು ಎಲ್ಲರ ಬಾಯಲ್ಲಿ: ಜ್ಬಿಗ್ನ್ಯೆವ್ ತ್ಸಿಬುಲ್ಸ್ಕಿ. 1927ರಲ್ಲಿ ಹುಟ್ಟಿ, ಕ್ರಾಕೂಫ್‌ನ ನಾಟಕಶಾಲೆಯಲ್ಲಿ ಕಲಿತು, ಗ್ದಾನ್ಸ್ಕ್ ಬಂದರಿನಲ್ಲಿ ಗೆಳೆಯ ಬೊಗುಮಿಲ್ ಕೊಬ್ಯೆಲಾನೊಡನೆ ‘ಬಿಮ್-ಬೋಮ್’ ಎಂಬ ವಿದ್ಯಾರ್ಥಿ ರಂಗತಂಡ ಕಟ್ಟಿದವನು. 1958ರಲ್ಲಿ ಆಂಜೇಯ್ ವಾಯ್ದಾ ನಿರ್ದೇಶಿಸಿದ ‘ಬೂದಿ ಮತ್ತು ವಜ್ರ’ದಿಂದ ಲೋಕಪ್ರಸಿದ್ಧನಾದ. ಕಥೆ ನಡೆಯುವುದು 1945ರ ಮೇ 8ರಂದು, ಯುದ್ಧ ಮುಗಿದ ದಿನ. ಜರ್ಮನರೊಡನೆ ಹೋರಾಡಿದ ಸ್ವದೇಶಸೇನೆಯ ತರುಣ ಮಾಚೆಕ್‌ಗೆ ಈಗ ಕಮ್ಯುನಿಸ್ಟ್ ನಾಯಕನೊಬ್ಬನನ್ನು ಕೊಲ್ಲುವ ಆಜ್ಞೆಯಾಗಿದೆ. ಕೊಲ್ಲಲು ಮನಸ್ಸಿಲ್ಲ; ಆಜ್ಞೆ ಮುರಿಯುವ ದಾರಿಯೂ ಇಲ್ಲ. ತ್ಸಿಬುಲ್ಸ್ಕಿ ಆ ಪಾತ್ರವನ್ನು 1945ರ ಪೋಷಾಕಿನಲ್ಲಿ ಆಡಲಿಲ್ಲ. ತಾನು ದಿನವೂ ತೊಡುತ್ತಿದ್ದ ಬಟ್ಟೆಯಲ್ಲಿ, ಕಪ್ಪು ಕನ್ನಡಕದಲ್ಲಿ ಆಡಿದ. ಆ ಕನ್ನಡಕಕ್ಕೆ ಚಿತ್ರದಲ್ಲಿ ಕಾರಣವುಂಟು: ದಂಗೆಯ ದಿನಗಳಲ್ಲಿ ಚರಂಡಿಯ ಸುರಂಗಗಳಲ್ಲಿ ಕಳೆದವನ ಕಣ್ಣಿಗೆ ಬೆಳಕು ಸಹಿಸದು.

ಆ ಚಿತ್ರದ ಒಂದು ದೃಶ್ಯವನ್ನು ನಾನು ಎಷ್ಟು ಬಾರಿ ನೋಡಿದ್ದೇನೋ ಲೆಕ್ಕವಿಲ್ಲ. ಹೋಟೆಲಿನ ಮದ್ಯದ ಕಟ್ಟೆಯ ಬಳಿ ಮಾಚೆಕ್ ಮದ್ಯ ತುಂಬಿದ ಬಟ್ಟಲುಗಳನ್ನು ಒಂದೊಂದಾಗಿ ಸಾಲಿಗೆ ತಳ್ಳಿ ಬೆಂಕಿ ಹಚ್ಚುತ್ತಾನೆ. ಒಂದೊಂದು ಜ್ವಾಲೆ ಏಳುವಾಗಲೂ ಜೊತೆಗಾರ ಮಡಿದ ಗೆಳೆಯರಲ್ಲಿ ಒಬ್ಬೊಬ್ಬನ ಹೆಸರು ಹೇಳುತ್ತಾನೆ. ಈ ಕಲ್ಪನೆ ಸಹಾಯಕನಾಗಿದ್ದ ಯಾನುಷ್ ಮೊರ್ಗೆನ್‌ಸ್ಟೆರ್ನ್‌ನದೆಂದು ವಾಯ್ದಾ ಹೇಳಿಕೊಂಡಿದ್ದಾನೆ. ಪೋಲೆಂಡಿನಲ್ಲಿ ಪ್ರತಿ ನವೆಂಬರ್ 1ರಂದು ಸಮಾಧಿಗಳ ಮೇಲೆ ದೀಪ ಹಚ್ಚುವ ಪದ್ಧತಿಯಿದೆ. ಸ್ವದೇಶಸೇನೆಯ ಹುಡುಗರನ್ನು ಬಹಿರಂಗವಾಗಿ ಕೊಂಡಾಡಲು ವರ್ಷಗಟ್ಟಲೆ ಅವಕಾಶವಿರಲಿಲ್ಲ. ಚಿತ್ರಮಂದಿರದ ಕತ್ತಲಲ್ಲಿ ಉರಿದ ಆ ಬಟ್ಟಲುಗಳು ಏನೆಂದು ಪ್ರೇಕ್ಷಕರಿಗೆ ಯಾರೂ ವಿವರಿಸಬೇಕಾಗಲಿಲ್ಲ.

ತ್ಸಿಬುಲ್ಸ್ಕಿಗೆ ಚಲಿಸುವ ರೈಲನ್ನು ಓಡಿಹೋಗಿ ಹತ್ತುವ ಚಟವಿತ್ತು. ತೆರೆಯ ಮೇಲೂ ರೈಲು ಅವನ ಬೆನ್ನು ಬಿಡಲಿಲ್ಲ: 1959ರ ‘ರೈಲು’ ಚಿತ್ರದಲ್ಲಿ ಓಡುವ ಗಾಡಿಗೆ ನೆಗೆಯುತ್ತಾನೆ, 1965ರ ‘ಸಾಲ್ತೊ’ ಆರಂಭವಾಗುವುದೇ ಅವನು ಗಾಡಿಯಿಂದ ಹಾರುವುದರೊಡನೆ. 1967ರ ಜನವರಿ 8ರ ನಸುಕಿನಲ್ಲಿ, ವ್ರೊತ್ಸ್ವಾಫ್ ನಗರದಲ್ಲಿ ಚಿತ್ರೀಕರಣ ಮುಗಿಸಿ ಬಂದವನು, ವಾರ್ಸಾಕ್ಕೆ ಹೊರಟಿದ್ದ ಗಾಡಿಗೆ ಹಾಗೆಯೇ ನೆಗೆದ. ಕಾಲು ತಪ್ಪಿತು. ಆಗ ವಯಸ್ಸು 39. ಆ ನಿಲ್ದಾಣದ ಮೂರನೆಯ ಪ್ಲಾಟ್‌ಫಾರಮಿನಲ್ಲಿ ಅವನ ನೆನಪಿನ ಫಲಕವಿದೆ. ತರುಣ ನಟರಿಗಾಗಿ ಅವನ ಹೆಸರಿನ ಪ್ರಶಸ್ತಿ 1969ರಲ್ಲಿ ಸ್ಥಾಪಿತವಾಯಿತು. ಮೊದಲು ಪಡೆದವನು ದಾನ್ಯೆಲ್ ಓಲ್ಬ್ರಿಖ್‌ಸ್ಕಿ.

ಗೆಳೆಯನ ಸಾವಿನ ಮೇಲೆ ವಾಯ್ದಾ ಮಾಡಿದ ಚಿತ್ರದ ಹೆಸರು ‘ಎಲ್ಲವೂ ಮಾರಾಟಕ್ಕೆ’. ಚಿತ್ರತಂಡವೊಂದು ಬಾರದ ನಾಯಕನಟನಿಗಾಗಿ ಕಾಯುತ್ತದೆ, ಹುಡುಕುತ್ತದೆ, ಆತ ರೈಲಿನಡಿ ಸತ್ತ ಸುದ್ದಿ ಬರುತ್ತದೆ. ತ್ಸಿಬುಲ್ಸ್ಕಿಯ ಮುಖ ಅದರಲ್ಲಿಲ್ಲ. ಸತ್ತವನ ಟೋಪಿ, ಬಟ್ಟಲು, ಮಾತಿನ ಧಾಟಿಗಳನ್ನೆಲ್ಲ ಬಂಡವಾಳ ಮಾಡಿಕೊಳ್ಳುವ ನಮ್ಮ ಶೋಕದಲ್ಲಿ ಎಷ್ಟು ಪ್ರೀತಿ, ಎಷ್ಟು ವ್ಯಾಪಾರ ಎಂದು ನಿರ್ದೇಶಕ ತನ್ನನ್ನೇ ಕೇಳಿಕೊಳ್ಳುತ್ತಾನೆ. ತೀರಿಕೊಂಡವರನ್ನು ಕುರಿತು ಲೇಖನ ಬರೆಯುವವರೆಲ್ಲರೂ ಕೇಳಿಕೊಳ್ಳಬೇಕಾದ ಪ್ರಶ್ನೆ ಅದು. ಚಿತ್ರ ತೆರೆಕಂಡದ್ದು 1969ರ ಜನವರಿಯಲ್ಲಿ. ಅದರಲ್ಲಿ ನಟಿಸಿದವರ ಪೈಕಿ ಕೊಬ್ಯೆಲಾನೂ ಒಬ್ಬ. ‘ಮೆಳ್ಳಗಣ್ಣಿನ ಅದೃಷ್ಟ’ ಎಂಬ 1960ರ ಚಿತ್ರದಲ್ಲಿ, ಯಾವ ಆಳ್ವಿಕೆ ಬಂದರೂ ಪೆಟ್ಟು ತಿನ್ನುವ ಬಡಪಾಯಿಯಾಗಿ ನಗಿಸಿದ್ದವನು. ಗೆಳೆಯನ ಸ್ಮಾರಕಚಿತ್ರ ಬಂದ ಆರನೆಯ ತಿಂಗಳಿಗೆ, ಜುಲೈ 10ರಂದು, ಮೋಟಾರು ಅಪಘಾತದ ಗಾಯಗಳಿಂದ ಅವನೂ ಸತ್ತ. ವಯಸ್ಸು 38.

ಆ ವಿನೋದಚಿತ್ರದ ನಿರ್ದೇಶಕ ಆಂಜೇಯ್ ಮುಂಕ್ ಇವರಿಗಿಂತ ಮೊದಲೇ, 1961ರ ಸೆಪ್ಟೆಂಬರ್ 20ರಂದು, ಅಂಥದೇ ಅಪಘಾತದಲ್ಲಿ ಸತ್ತಿದ್ದ. ಆತ ನಟನಲ್ಲ, ಆದರೂ ಅವನ ಕೊನೆಯ ಚಿತ್ರದ ಮಾತನ್ನು ಇಲ್ಲಿ ಬಿಡಲಾರೆ. ‘ಪ್ರಯಾಣಿಕೆ’ ಎಂಬ ಆ ಚಿತ್ರದಲ್ಲಿ, ಆಶ್ವಿಟ್ಸ್‌ನ ಹಿಂದಿನ ಕಾವಲುಗಾರ್ತಿಯೊಬ್ಬಳು ಹಡಗಿನಲ್ಲಿ ತನ್ನ ಹಳೆಯ ಕೈದಿಯಂತಿರುವ ಹೆಂಗಸನ್ನು ಕಂಡು ಬೆಚ್ಚುತ್ತಾಳೆ. ಗತವನ್ನು ತನಗೆ ಅನುಕೂಲವಾಗುವಂತೆ ತಿದ್ದಿ ಹೇಳಿಕೊಳ್ಳುತ್ತಾಳೆ. ಕಾವಲುಗಾರ್ತಿಯಾಗಿ ಅಲೆಕ್ಸಾಂದ್ರಾ ಶ್ಲೋನ್‌ಸ್ಕಾ, ಕೈದಿಯಾಗಿ ಆನ್ನಾ ಚೆಪ್ಯೆಲೆವ್‌ಸ್ಕಾ, ಇಬ್ಬರೂ ಈಗಿಲ್ಲ. ಹಡಗಿನ ಭಾಗ ಅರೆಬರೆಯಾಗಿತ್ತು. ಮುಗಿಸಲು ಕುಳಿತ ಗೆಳೆಯರು ಅಲ್ಲಿ ಹೊಸ ದೃಶ್ಯಗಳನ್ನು ಹೊಸೆಯಲಿಲ್ಲ. ಉಳಿದಿದ್ದ ಸ್ಥಿರಚಿತ್ರಗಳನ್ನು ಜೋಡಿಸಿ, ಇಷ್ಟೇ ನಮಗೆ ಸಿಕ್ಕಿದ್ದು ಎಂಬಂತೆ ತೋರಿಸಿ, 1963ರಲ್ಲಿ ಬಿಡುಗಡೆ ಮಾಡಿದರು. ಬೊದೊನ ಸಾವಿನ ಬಗ್ಗೆ ಸುಳ್ಳು ಹೆಣೆದ ಕಾಲದಲ್ಲೇ ಈ ಪ್ರಾಮಾಣಿಕತೆಯೂ ಇತ್ತೆಂಬುದು ಸಮಾಧಾನದ ಸಂಗತಿ.

ವಾಯ್ದಾ ಈ ವಿಷಯಕ್ಕೆ ಮತ್ತೆಮತ್ತೆ ಮರಳಿದ್ದು ಆಕಸ್ಮಿಕವಲ್ಲ. ಸೇನಾಧಿಕಾರಿಯಾಗಿದ್ದ ಅವನ ತಂದೆಯನ್ನು 1940ರಲ್ಲಿ ಸೋವಿಯತ್ ಪೊಲೀಸರು ಸಾವಿರಾರು ಪೋಲಿಷ್ ಅಧಿಕಾರಿಗಳೊಡನೆ ಕೊಂದಿದ್ದರು. ‘ಕಾತಿನ್’ ಎಂದು ಹೆಸರಾದ ಆ ಹತ್ಯೆಯನ್ನೂ ಜರ್ಮನರ ತಲೆಗೇ ಕಟ್ಟಲಾಗಿತ್ತು. ಮಾಸ್ಕೋ ನಿಜ ಒಪ್ಪಿಕೊಂಡದ್ದು 1990ರಲ್ಲಿ. 2007ರಲ್ಲಿ, 80 ದಾಟಿದ ಮೇಲೆ, ವಾಯ್ದಾ ಆ ಕಥೆಯನ್ನು ತೆರೆಗೆ ತಂದ. 2016ರಲ್ಲಿ ತೀರಿಕೊಂಡ.

ಕೊನೆಯದಾಗಿ ಒಂದು ದೀರ್ಘಾಯುಸ್ಸಿನ ಹೆಸರು ಹೇಳಿ ಮುಗಿಸುತ್ತೇನೆ. ಯುದ್ಧಾನಂತರ ಪೋಲೆಂಡಿನಲ್ಲಿ ತೆರೆಕಂಡ ಮೊದಲ ಕಥಾಚಿತ್ರ ‘ನಿಷಿದ್ಧ ಗೀತೆಗಳು’, ಜರ್ಮನರ ಕಣ್ಣು ತಪ್ಪಿಸಿ ಬೀದಿಯಲ್ಲಿ ಹಾಡಿದ ಹಾಡುಗಳ ಕಥೆ. ಅದರ ಮೊದಲ ಪ್ರದರ್ಶನ 1947ರ ಜನವರಿ 8ರಂದು. ತ್ಸಿಬುಲ್ಸ್ಕಿ ಸತ್ತದ್ದು ಸರಿಯಾಗಿ 20 ವರ್ಷಗಳ ಮೇಲೆ ಅದೇ ತಾರೀಖಿನಂದು. ಆ ಚಿತ್ರದ ನಾಯಕಿ ದಾನೂತಾ ಶಾಫ್ಲಾರ್ಸ್ಕಾ 1915ರಲ್ಲಿ ಹುಟ್ಟಿದವಳು. ಮೇಲೆ ಹೇಳಿದ ಎಷ್ಟೋ ಜನರ ಕಾಲವನ್ನು ಕಂಡು, 90 ದಾಟಿದ ಮೇಲೂ ಹೊಸ ತಲೆಮಾರಿನ ನಾಟಕಗಳಲ್ಲಿ ಆಡಿ, 2017ರ ಫೆಬ್ರವರಿ 19ರಂದು 102ನೆಯ ವಯಸ್ಸಿನಲ್ಲಿ ಸತ್ತಳು. ಆಕೆಯ ಸಾವಿನಲ್ಲಿ ಗುಟ್ಟಿಲ್ಲ, ಸುಳ್ಳಿಲ್ಲ, ಬಂದೂಕಿಲ್ಲ. ಆ ನಾಡಿನ ನಟರ ಚರಿತ್ರೆ ಓದಿದವನಿಗೆ ಅಷ್ಟೇ ಒಂದು ಸಂತೋಷದ ಸಮಾಚಾರ.

ವಾರ್ಸಾದ ಪೊವೊನ್ಸ್ಕಿ ಸ್ಮಶಾನದಲ್ಲಿ ಯಾರಾಚ್, ಓರ್ದೊನೂವ್ನಾ, ಚ್ವಿಕ್ಲಿನ್‌ಸ್ಕಾ ಮಲಗಿದ್ದಾರೆ. ಆ ಹಳೆಯ ಸಮಾಧಿಗಳು ಪಾಳುಬೀಳುವುದನ್ನು ಕಂಡ ಸಂಗೀತ ವಿಮರ್ಶಕ ಯೆಜಿ ವಾಲ್ದೋರ್ಫ್ 1974ರಲ್ಲಿ ಒಂದು ಸಮಿತಿ ಕಟ್ಟಿದ. ಅಂದಿನಿಂದ ನವೆಂಬರ್ 1ರಂದು ನಾಡಿನ ಹೆಸರಾಂತ ನಟನಟಿಯರು ಕೈಯಲ್ಲಿ ಡಬ್ಬಿ ಹಿಡಿದು ಸ್ಮಶಾನದ ದಾರಿಗಳಲ್ಲಿ ನಿಂತು, ಬಂದುಹೋಗುವವರಿಂದ ಕಾಸು ಬೇಡುತ್ತಾರೆ. ಹಾಗೆ ಕೂಡಿದ ಹಣದಿಂದ ಬಿರುಕುಬಿಟ್ಟ ಕಲ್ಲುಗಳನ್ನು ಜೋಡಿಸಿ, ಅಳಿಸಿದ ಅಕ್ಷರಗಳನ್ನು ಮತ್ತೆ ಕೆತ್ತಿಸುತ್ತಾರೆ.